ಹನ್ನೊಂದು ಸೊನ್ನೆಗಳು

ಖಾನಾಪುರ
೯ ಜನವರಿ ೨೦೨೫

ಡಾ. ನೇತ್ರಾ ಮೇಡಂ ಅವರಿಗೆ,

ಫೋನ್ ಮಾಡಬಹುದಿತ್ತು. ಮಾಡಿದರೆ ನೀವು ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತೀರಿ ಎಂಬ ಅನುಮಾನ ನನಗಿದೆ. ವಾಟ್ಸಾಪಿನಲ್ಲಿ ಬರೆದರೆ ಅದರ ಫೋಟೋ ಯಾರ ಯಾರ ಕೈಗೆ ಹೋಗುತ್ತದೋ ಬಲ್ಲವರಾರು. ಆದ್ದರಿಂದ ರಿಜಿಸ್ಟರ್ಡ್ ಅಂಚೆ. ಮುಟ್ಟಿದ್ದಕ್ಕೆ ನಿಮ್ಮ ಸಹಿ ನನಗೆ ವಾಪಸು ಬರುತ್ತದೆ, ಪತ್ರ ಸಿಗಲಿಲ್ಲ ಎಂದು ಆಮೇಲೆ ಹೇಳುವಂತಿಲ್ಲ.

ಡಿಸೆಂಬರ್ ಹದಿನೆಂಟರಂದು ನೀವು ನಮ್ಮ ಕಾಲೇಜಿಗೆ ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರಾಗಿ ಬಂದಿರಿ. ಬಿ.ಎಸ್ಸಿ. ಐದನೇ ಸೆಮಿಸ್ಟರಿನ ಹನ್ನೆರಡು ಮಕ್ಕಳ ಜರ್ನಲ್ ತಿರುವಿದಿರಿ. ಹನ್ನೊಂದಕ್ಕೆ ಸಹಿ ಹಾಕಿದಿರಿ. ಹನ್ನೆರಡನೆಯದರ ಮೇಲೆ, ದ್ಯುತಿವಿದ್ಯುತ್ ಪರಿಣಾಮದ ಪ್ರಯೋಗದ ಪುಟದಲ್ಲಿ, ಅಡ್ಡ ಗೆರೆ ಹೊಡೆದು 'ರೀಡಿಂಗ್ ನಕಲು' ಎಂದು ಬರೆದಿರಿ. ಅಷ್ಟಕ್ಕೇ ಬಿಡದೆ ವಿಶ್ವವಿದ್ಯಾಲಯಕ್ಕೆ ವರದಿಯನ್ನೂ ಕಳಿಸಿದಿರಿ. ಮಾರ್ಚ್ ಇಪ್ಪತ್ತನಾಲ್ಕಕ್ಕೆ ವಿಚಾರಣೆಯಂತೆ. ತಪ್ಪು ಸಾಬೀತಾದರೆ ಈ ಸೆಮಿಸ್ಟರಿನ ಎಲ್ಲ ವಿಷಯಗಳೂ ರದ್ದು, ಒಂದು ವರ್ಷ ಹೋದಂತೆಯೇ.

ಆ ಹುಡುಗಿಯ ಹೆಸರು ಸಿಮ್ರನ. ಬೀಡಿ ಎಂಬ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ, ಎಲ್ಲರಿಗಿಂತ ಮೊದಲು ಲ್ಯಾಬಿನ ಬಾಗಿಲಲ್ಲಿ ನಿಂತಿರುತ್ತಾಳೆ. ಎಂ.ಎಸ್ಸಿ. ಮಾಡುತ್ತೇನೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದಾಳೆ. ನೋಟಿಸು ಬಂದ ದಿನದಿಂದ ಕಾಲೇಜಿಗೆ ಬಂದಿಲ್ಲ.

ಹನ್ನೆರಡರಲ್ಲಿ ಒಂದೇ ಒಂದನ್ನು ಹೆಕ್ಕಿದ್ದು ಯಾಕೆ? ಅವಳು ಬುದ್ಧಿವಂತೆ ಎಂದು ನಾನು ಪರೀಕ್ಷೆಗೆ ಮೊದಲು ನಿಮ್ಮೆದುರು ಹೊಗಳಿದ್ದಕ್ಕೋ? ಎರಡು ಸಾವಿರದ ಹತ್ತರಲ್ಲಿ, ಧಾರವಾಡದಲ್ಲಿ ನಾವಿಬ್ಬರೂ ಎಂ.ಎಸ್ಸಿ. ಓದುವಾಗ, ನನ್ನ ರೀಡಿಂಗ್ ಸುಳ್ಳು ಎಂದು ಪ್ರೊಫೆಸರರ ಕಿವಿಗೆ ಊದಿದವರು ಯಾರು ಎಂದು ನಾನು ಹದಿನಾಲ್ಕು ವರ್ಷ ಕೇಳಿಲ್ಲ. ಈಗಲೂ ಕೇಳುತ್ತಿಲ್ಲ. ಹುಡುಗಿಯದನ್ನು ಮಾತ್ರ ಕೇಳುತ್ತಿದ್ದೇನೆ.

ಉತ್ತರದ ದಾರಿ ಕಾಯುವ,
ಕಾಂತಾ
ಅತಿಥಿ ಉಪನ್ಯಾಸಕಿ


ಅನಗೋಳ, ಬೆಳಗಾವಿ
೧೭ ಜನವರಿ ೨೦೨೫

ಕಾಂತಾ,

'ಮೇಡಂ' ಓದಿ ನಗು ಬಂತು. ಒಂದೇ ತಟ್ಟೆಯಲ್ಲಿ ಉಂಡವರು ನಾವು. ನೀನು ಬೇಕಾದರೆ ಬಹುವಚನದಲ್ಲೇ ಬೈಯುತ್ತಿರು, ನಾನು ಏಕವಚನ ಬಿಡಲಾರೆ.

ಸಿಟ್ಟು ಬಿಟ್ಟು ಪುಟ ನೋಡು, ನನ್ನ ಹತ್ತಿರ ಅದರ ಪ್ರತಿಯಿದೆ. ಬಲ್ಬಿನ ಮುಂದೆ ಬಣ್ಣದ ಫಿಲ್ಟರ್ ಇಟ್ಟು, ಆ ಬೆಳಕನ್ನು ಫೋಟೋಸೆಲ್ಲಿನ ಮೇಲೆ ಬಿಟ್ಟು, ಎಷ್ಟು ಕರೆಂಟ್ ಹರಿಯಿತು, ಅದನ್ನು ನಿಲ್ಲಿಸಲು ಎಷ್ಟು ವೋಲ್ಟ್ ಬೇಕಾಯಿತು ಎಂದು ಬರೆಯುವುದು ಪ್ರಯೋಗ. ನೀಲಿ ಫಿಲ್ಟರಿಗೆ ಅವಳು ಬರೆದದ್ದು: ಬಲ್ಬು ಇಪ್ಪತ್ತು ಸೆಂಟಿಮೀಟರ್ ದೂರದಲ್ಲಿದ್ದಾಗ ಕರೆಂಟ್ ಮೂವತ್ತಾರು, ಮೂವತ್ತಕ್ಕೆ ಸರಿಸಿದಾಗ ಹದಿನಾರು. ನಿಲ್ಲಿಸಲು ೦.೯ ವೋಲ್ಟ್. ಸರಿಯಾಗಿದೆ. ಕೆಂಪಿಗೆ ಬರೆದದ್ದು: ಒಂಬತ್ತು, ನಾಲ್ಕು, ಮತ್ತೆ ಅದೇ ೦.೯ ವೋಲ್ಟ್.

ನಿಮ್ಮ ಆ ಸೆಲ್ಲಿನಲ್ಲಿ ಕೆಂಪು ಬೆಳಕಿಗೆ ಮೀಟರಿನ ಮುಳ್ಳು ಅಲುಗಲೇಬಾರದು. ಕೆಂಪಿನ ಆವೃತ್ತಿ ಕಡಿಮೆ, ಎಲೆಕ್ಟ್ರಾನನ್ನು ಲೋಹದಿಂದ ಕೀಳುವ ಶಕ್ತಿ ಅದಕ್ಕಿಲ್ಲ. ಬಲ್ಬನ್ನು ಎಷ್ಟು ಹತ್ತಿರ ತಂದರೂ ಇಲ್ಲ. ಉಳಿದ ಹನ್ನೊಂದು ಮಂದಿ ಸೊನ್ನೆ ಬರೆದಿದ್ದಾರೆ. ಇವಳೊಬ್ಬಳಿಗೆ ಮಾತ್ರ ಹೇಗೆ ಬಂತು? ನೀಲಿಯ ವೋಲ್ಟನ್ನು ಕೆಳಗಿನ ಸಾಲಿಗೆ ಇಳಿಸಿ, ಕರೆಂಟಿಗೆ ತೋಚಿದ ಅಂಕಿ ತುಂಬಿದ್ದಾಳೆ. ಬೇರೆ ಏನೆಂದು ತಿಳಿಯಲಿ?

ಇನ್ನೊಂದು ಮಾತು. "ಎಲ್ಲಿ ನೋಡಿ ಬರದಿ?" ಎಂದು ನಾನು ಕೇಳಿದಾಗ ಅವಳು ನಿನ್ನ ಮುಖ ನೋಡಿದಳು. ನೀನು ಗೋಡೆಯ ಕಪಾಟಿನ ಕಡೆ ನೋಡಿದೆ. ನಾನು ಹದಿನಾಲ್ಕು ವರ್ಷ ನಿನ್ನನ್ನು ಕಂಡಿರಲಿಲ್ಲ, ಆದರೂ ಅಂಜಿದಾಗ ನಿನ್ನ ಕಣ್ಣು ಎಲ್ಲಿಗೆ ಹೋಗುತ್ತದೆಂದು ಗೊತ್ತು. ಆ ಕಪಾಟಿನಲ್ಲಿ ಏನಿದೆ?

ನೇತ್ರಾ


ಖಾನಾಪುರ
೨ ಫೆಬ್ರವರಿ ೨೦೨೫

ನೇತ್ರಾ,

ಕಪಾಟಿನಲ್ಲಿ ಲೆನ್ಸು, ವೈರು, ಲ್ಯಾಬಿನ ಅಟೆಂಡರ್ ಬಸಯ್ಯನ ಎಲೆ ಅಡಿಕೆ ಚೀಲ ಇವೆ. ಬಂದು ಜಪ್ತಿ ಮಾಡು.

ಕಳೆದ ಭಾನುವಾರ ಬೀಡಿಗೆ ಹೋಗಿದ್ದೆ. ಸಿಮ್ರನಳ ತಂದೆ ಅಲ್ಲಾಭಕ್ಷ ಮದುವೆ, ಜಾತ್ರೆ, ಗಣಪತಿಗೆ ಶಾಮಿಯಾನ ಮತ್ತು ಲೈಟಿಂಗ್ ಹಾಕುವವರು. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಬಹುದು ಎಂದುಕೊಂಡಿದ್ದೆ. "ಒಳಗ ಬರ್ರಿ, ಕುಂದರ್ರಿ" ಎಂದು ಕುರ್ಚಿ ಒರೆಸಿ ಕೊಟ್ಟರು. ಚಹಾ ಕುಡಿಯುವವರೆಗೂ ಏನೂ ಕೇಳಲಿಲ್ಲ. ಕಪ್ಪು ಕೆಳಗಿಟ್ಟ ಮೇಲೆ, ತಮ್ಮ ಮಗಳು ಖರೇ ಕದ್ದಿದ್ದರೆ ತಮಗೆ ಹೇಳಬೇಕು, ಕದ್ದಿಲ್ಲದಿದ್ದರೆ ಅದನ್ನು ಕಾಲೇಜಿಗೆ ಹೇಳಬೇಕು ಎಂದರು.

ಸಿಮ್ರನ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಮೇಡಂ, ಅದು ಕೆಂಪ ಅಲ್ರೀ. ರಾಣಿ ಬಣ್ಣದ ಜಿಲೇಟಿನ್ ಪೇಪರ್ ಎರಡ ಮಡಿಕಿ ಮಾಡಿ ಹಚ್ಚ್ಯಾರ. ನಮ್ಮ ಅಬ್ಬಾ ಮಂಟಪದ ಲೈಟಿಗೆ ಅದನ್ನ ಹಚ್ಚತಾರ. ನಾ ಆವತ್ತ ನಿಮಗ ಹೇಳಿದ್ನಿ."

ಹೇಳಿದ್ದಳು. ಅಕ್ಟೋಬರಿನಲ್ಲಿ ಒಂದು ದಿನ ಹೇಳಿದ್ದಳು. ನಾನು ಯಾರದೋ ಗ್ರಾಫ್ ತಿದ್ದುತ್ತಿದ್ದೆ, "ಏನ ಬರತೈತಿ ಅದನ್ನ ಬರಿಯವ್ವ" ಎಂದು ಕಳಿಸಿಬಿಟ್ಟಿದ್ದೆ.

ಮರುದಿನ ಬಸಯ್ಯನನ್ನು ಹಿಡಿದು ಕೇಳಿದೆ. ಆಗಸ್ಟಿನಲ್ಲಿ ಕೆಂಪು ಫಿಲ್ಟರ್ ಕೈತಪ್ಪಿ ಬಿದ್ದು ಒಡೆಯಿತಂತೆ. ಹೊಸದು ಬರುವುದಕ್ಕೆ ಅರ್ಜಿ, ಮಂಜೂರಾತಿ ಎಂದು ವರ್ಷ ಹಿಡಿಯುತ್ತದೆ. ಓಣಿಯ ಗಣಪತಿ ಮಂಟಪ ಬಿಚ್ಚುವಾಗ ಉಳಿದ ಕಾಗದ ತಂದು ಅದೇ ಚೌಕಟ್ಟಿಗೆ ಅಂಟಿಸಿದ್ದಾನೆ. ನಾನು ಬೈಯಲು ಬಾಯಿ ತೆರೆದೆ. "ನಿಮಗ ತೋರಿಸೀನಲ್ರಿ. ಕೆಂಪ ಕಾಣತೈತಿ, ನಡೀತೈತಿ ಅಂದ್ರಿ" ಎಂದ. ಬಾಯಿ ಮುಚ್ಚಿಕೊಂಡೆ.

ರಾಣಿ ಬಣ್ಣ ಎಂದರೆ ಕೆಂಪಿನ ಜೊತೆ ನೀಲಿಯನ್ನೂ ಬಿಡುವ ಕಾಗದ. ನಮ್ಮ ಕಣ್ಣಿಗೆ ಕೆಂಪಾಗಿ ಕಂಡರೂ ಸೆಲ್ಲಿಗೆ ಮುಟ್ಟಿದ್ದು ಆ ನೀಲಿ. ಹುಡುಗಿ ನಕಲು ಮಾಡಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೀ. ನಿನ್ನ ವರದಿ ವಾಪಸು ತಗೋ.

ಹೋಲಿಸಿ ನೋಡಲು ಖರೇ ಕೆಂಪು ಫಿಲ್ಟರ್ ಈ ಊರಲ್ಲಿ ಸಿಗಲಿಲ್ಲ. ನಿಮ್ಮ ಲ್ಯಾಬಿನಲ್ಲಿದ್ದರೆ ಕಳಿಸು. ಕಳಿಸಲಾರೆ ಎಂದು ಗೊತ್ತು, ಆದರೂ ಕೇಳುತ್ತೇನೆ.

ಕಾಂತಾ


ಬೆಳಗಾವಿ
೧೧ ಫೆಬ್ರವರಿ ೨೦೨೫

ಕಾಂತಾ,

ಇದರ ಜೊತೆ ಡಬ್ಬಿಯಲ್ಲಿ ಹತ್ತಿ ಸುತ್ತಿ ಫಿಲ್ಟರ್ ಇಟ್ಟಿದ್ದೇನೆ. ದಾರಿಯಲ್ಲಿ ಒಡೆದರೆ, ಬೇಕೆಂದೇ ಒಡೆದದ್ದನ್ನು ಕಳಿಸಿದ್ದೀ ಎನ್ನಬೇಡ. ಡಬ್ಬಿ ಮುಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ನಿನ್ನ ಪತ್ರ ಓದಿ ಅವಳ ಪುಟವನ್ನು ಮತ್ತೆ ತೆಗೆದೆ. ಒಂಬತ್ತು ಎಂದರೆ ಮೂವತ್ತಾರರ ಕಾಲು ಭಾಗ. ನಾಲ್ಕು ಎಂದರೆ ಹದಿನಾರರ ಕಾಲು ಭಾಗ. ಅಂದರೆ ಕಾಗದ ನೀಲಿ ಬೆಳಕಿನ ಕಾಲು ಭಾಗವನ್ನು ಒಳಗೆ ಬಿಟ್ಟಿದೆ. ಬೆಳಕು ಕಡಿಮೆಯಾದಂತೆ ಹೊರಬೀಳುವ ಎಲೆಕ್ಟ್ರಾನುಗಳು ಕಡಿಮೆ, ಕರೆಂಟ್ ಕಡಿಮೆ. ಆದರೆ ಹೊರಬಿದ್ದ ಒಂದೊಂದರ ಓಟವೂ ಮೊದಲಿನಷ್ಟೇ, ಅದಕ್ಕೇ ನಿಲ್ಲಿಸಲು ಮತ್ತೆ ೦.೯ ವೋಲ್ಟ್. ಓಟವನ್ನು ನಿರ್ಧರಿಸುವುದು ಬೆಳಕಿನ ಆವೃತ್ತಿ, ಎಷ್ಟು ಮಂದಿ ಓಡುತ್ತಾರೆಂಬುದನ್ನು ನಿರ್ಧರಿಸುವುದು ತೀವ್ರತೆ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಎರಡು ಸಲ ಅಡಿಗೆರೆ ಎಳೆಯುತ್ತೇನೆ. ಖಾನಾಪುರದ ಒಬ್ಬ ಹುಡುಗಿ ಅದನ್ನೇ ಅಳೆದು ಎದುರಿಗಿಟ್ಟಾಗ ನಕಲು ಎಂದು ಬರೆದೆ.

ತೋಚಿದ್ದನ್ನು ತುಂಬುವವರಿಗೆ ಈ ಅಂಕಿಗಳು ಇಷ್ಟು ಸರಿಯಾಗಿ ತೋಚುವುದಿಲ್ಲ. ಅವಳು ಅಳೆದೇ ಬರೆದಿದ್ದಾಳೆ, ಒಪ್ಪಿದೆ.

ಈಗ ನೀನು ಬರೆಯದೆ ಬಿಟ್ಟದ್ದಕ್ಕೆ ಬರುತ್ತೇನೆ. ಕಾಗದ ಸೆಪ್ಟೆಂಬರಿನಿಂದ ಆ ಚೌಕಟ್ಟಿನಲ್ಲಿದೆ. ಮಕ್ಕಳು ಪ್ರಯೋಗ ಮಾಡಿದ್ದು ಅಕ್ಟೋಬರ್, ನವೆಂಬರಿನಲ್ಲಿ. ಆ ಕಾಗದದಲ್ಲಿ ಯಾರಿಗೂ ಸೊನ್ನೆ ಬರಲು ಸಾಧ್ಯವಿಲ್ಲ. ಹನ್ನೊಂದು ಸೊನ್ನೆಗಳು ಎಲ್ಲಿಂದ ಬಂದವು?

ನೇತ್ರಾ


ಖಾನಾಪುರ
೩ ಮಾರ್ಚ್ ೨೦೨೫

ನೇತ್ರಾ,

ಫಿಲ್ಟರ್ ಮುಟ್ಟಿತು. ಒಡೆದಿರಲಿಲ್ಲ.

ಮೂರು ವಾರ ಸುಮ್ಮನಿದ್ದೆ. ಹುಷಾರಿರಲಿಲ್ಲ ಎಂದು ಬರೆಯಬಹುದು, ನೀನು ನಂಬುವುದಿಲ್ಲ.

ಬಸಯ್ಯನನ್ನು ಹೊರಗೆ ಕಳಿಸಿ, ಕಿಟಕಿ ಮುಚ್ಚಿ ಒಬ್ಬಳೇ ಮಾಡಿ ನೋಡಿದೆ. ರಾಣಿ ಕಾಗದ: ಒಂಬತ್ತು, ನಾಲ್ಕು. ನಿನ್ನ ಫಿಲ್ಟರ್: ಮೂವತ್ತು ಸೆಂಟಿಮೀಟರಿಗೆ ಸೊನ್ನೆ, ಇಪ್ಪತ್ತಕ್ಕೆ ಸೊನ್ನೆ, ಹತ್ತಕ್ಕೆ ಸೊನ್ನೆ. ಬಲ್ಬನ್ನು ಸೆಲ್ಲಿಗೆ ತಾಗುವಷ್ಟು ತಂದು ಕೈ ಸುಟ್ಟುಕೊಂಡೆ. ಆಗಲೂ ಮುಳ್ಳು ಮಿಸುಕಲಿಲ್ಲ.

ಕಪಾಟಿನ ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿದೆ. ನನ್ನ ಕೈಬರಹ. ಈ ಪ್ರಯೋಗದ 'ಬರಬೇಕಾದ' ರೀಡಿಂಗುಗಳು. ಏಳು ವರ್ಷದಿಂದ ಅಲ್ಲಿದೆ. ತಮ್ಮದು ಸರಿ ಬಂತೋ ಇಲ್ಲವೋ ಎಂದು ಹೊಂದಿಸಿ ನೋಡಲಿ ಎಂದು ಅಂಟಿಸಿದ್ದೆ. ನಲವತ್ತು ನಿಮಿಷದ ಪಿರಿಯಡ್ಡು, ಇರುವುದು ಒಂದೇ ಸೆಟ್, ಹನ್ನೆರಡು ಮಕ್ಕಳು. ಯಾರು ಯಾವಾಗ ಬಾಗಿಲು ತೆರೆದು ನೋಡಿ ಬರೆಯುತ್ತಾರೆಂದು ನನಗೆ ಗೊತ್ತಿತ್ತು. ಅವರು ಬರೆಯುವಾಗ ನಾನು ವರಾಂಡಕ್ಕೆ ಹೋಗಿ ನಿಲ್ಲುತ್ತಿದ್ದೆ. ಇಲ್ಲಿಯವರೆಗೂ ಯಾರಿಗೂ ಹೇಳದ ಮಾತು ಇದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಪರೀಕ್ಷೆಯ ದಿನ ನಾನು ಕಪಾಟಿನ ಕಡೆ ನೋಡಿದ್ದು ಹಾಗೆ.

ಸಿಮ್ರನ ಆ ಬಾಗಿಲು ತೆರೆಯಲಿಲ್ಲ. ನೀನು ಕೇಳಿದಾಗ ಅವಳು ನನ್ನ ಮುಖ ನೋಡಿದ್ದು ನಾನು ಮಾತಾಡುತ್ತೇನೆಂದು.

ಈಗ ಕೇಳು. ಇದನ್ನು ಸಮಿತಿಗೆ ಬರೆದುಕೊಟ್ಟರೆ ಹನ್ನೊಂದು ಮಕ್ಕಳ ಅಂಕ ತಡೆಹಿಡಿಯುತ್ತಾರೆ, ಮುಂದಿನ ವರ್ಷ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ನನ್ನ ಹೆಸರು ಇರುವುದಿಲ್ಲ. ಬರೆದುಕೊಡಲು ತಯಾರಿದ್ದೇನೆ. ಆದರೆ ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ. ನನ್ನ ತಪ್ಪೊಪ್ಪಿಗೆಯನ್ನು ಹಿಡಿದುಕೊಂಡು, ಲ್ಯಾಬೇ ಹಾಗಿದ್ದ ಮೇಲೆ ನನ್ನ ವರದಿಯಲ್ಲಿ ತಪ್ಪೇನಿದೆ ಎಂದು ನೀನು ಜಾರಿಕೊಂಡರೆ? ಆಗ ಹನ್ನೆರಡೂ ಮಕ್ಕಳು ಮುಳುಗುತ್ತಾರೆ. ಮೊದಲು ನೀನು ವರದಿ ವಾಪಸು ತೆಗೆದುಕೊಂಡು ಅದರ ಪ್ರತಿ ಕಳಿಸು. ಆಮೇಲೆ ನಾನು.

ಕಾಂತಾ


ಅನಗೋಳ
೧೨ ಮಾರ್ಚ್ ೨೦೨೫

ಕಾಂತಾ,

ನಾನೂ ಅದೇ ಲೆಕ್ಕ ಹಾಕುತ್ತಿದ್ದೆ. ರಾಣಿ ಬಣ್ಣದ ಕಾಗದ ಎಂದು ನಾನು ಬರೆದು ವರದಿ ಹಿಂದೆ ತೆಗೆದುಕೊಂಡೆ ಎನ್ನು. ಅಷ್ಟರಲ್ಲಿ ನೀನು ಕಾಗದ ಕಿತ್ತು ನನ್ನದೇ ಫಿಲ್ಟರನ್ನು ಆ ಚೌಕಟ್ಟಿನಲ್ಲಿ ಕೂರಿಸಿ, ಯಾವ ಕಾಗದ ಎಂದರೆ? ಪರೀಕ್ಷಕರ ಪಟ್ಟಿಯಿಂದ ನನ್ನನ್ನು ತೆಗೆಯುತ್ತಾರೆ, ಇಡೀ ವಿಭಾಗ ನಗುತ್ತದೆ. ಮೊದಲು ನೀನು ಬರೆದುಕೊಡು, ಆಮೇಲೆ ನಾನು ಎಂದು ಹೋದ ವಾರ ಒಂದು ಪತ್ರ ಬರೆದೆ. ಹರಿದು ಹಾಕಿದೆ.

ನೀನು ಕೇಳುತ್ತಿಲ್ಲ ಎಂದು ಬರೆದು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಹೌದು, ಧಾರವಾಡದಲ್ಲಿ ಪ್ರೊಫೆಸರರಿಗೆ ಹೇಳಿದವಳು ನಾನೇ. ಬಲ್ಬು ಹಚ್ಚುವ ಮೊದಲೇ ನೀನು ರೀಡಿಂಗ್ ಬರೆದದ್ದನ್ನು ನೋಡಿದ್ದೆ. ಸತ್ಯಕ್ಕಾಗಿ ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಲ್ಲ. ನನ್ನದೂ ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ತೆಗೆದ ಅಂಕಿಗಳೇ. ಅವತ್ತು ಪ್ರೊಫೆಸರರು ಎಲ್ಲರ ಜರ್ನಲ್ ತರಿಸುತ್ತೇನೆ ಎಂದಿದ್ದರು. ನಿನ್ನನ್ನು ತೋರಿಸಿದರೆ ನನ್ನದನ್ನು ತೆರೆಯುವುದಿಲ್ಲ ಎಂದುಕೊಂಡು ಹೇಳಿದೆ. ಅವರು ತೆರೆಯಲಿಲ್ಲ. ನಿನಗೆ ಪ್ರಾಯೋಗಿಕದಲ್ಲಿ ಅಂಕ ಹೋಯಿತು, ನಾನು ಪಿಎಚ್.ಡಿ.ಗೆ ಸೇರಿದೆ, ನೀನು ಸೇರಲಾಗಲಿಲ್ಲ.

ಯಾರ ಜರ್ನಲ್ ತೆರೆದರೂ ನನಗೆ ಮೊದಲು ಬರುವುದು ಅನುಮಾನವೇ. ಸೊನ್ನೆ ಬರೆದ ಹನ್ನೊಂದು ಮಂದಿಯ ಮೇಲೆ ಮಾತ್ರ ಬರಲಿಲ್ಲ ನೋಡು, ಯಾಕೆಂದರೆ ಅವು ನಾನು ಬರೆಯುತ್ತಿದ್ದಂಥ ಅಂಕಿಗಳು.

ಇಷ್ಟು ಬರೆದ ಮೇಲೂ ವರದಿಯನ್ನು ನಾನು ಮೊದಲು ವಾಪಸು ತೆಗೆಯುತ್ತೇನೆ ಎಂಬ ಮಾತು ಕೈಗೆ ಬರುತ್ತಿಲ್ಲ. ಇಪ್ಪತ್ತನಾಲ್ಕಕ್ಕೆ ಸಮಿತಿಯಲ್ಲಿ ಸಿಗೋಣ.

ನೇತ್ರಾ


ಖಾನಾಪುರ
೮ ಏಪ್ರಿಲ್ ೨೦೨೫

ನೇತ್ರಾ,

ಅವತ್ತು ಸಮಿತಿಯ ಕೋಣೆಯಿಂದ ಹೊರಬಿದ್ದ ಮೇಲೆ ನಾವಿಬ್ಬರೂ ಬೇರೆ ಬೇರೆ ರಿಕ್ಷಾ ಹಿಡಿದೆವು. ಅಲ್ಲಿ ಆಗದ ಮಾತು ಇಲ್ಲಿ ಬರೆಯುತ್ತೇನೆ.

ನಾನು ಮನೆಯಿಂದಲೇ ಹೇಳಿಕೆ ಬರೆದು ಸಹಿ ಹಾಕಿ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದೆ. ವರದಿ ವಾಪಸು ತೆಗೆದುಕೊಳ್ಳುವ ನಿನ್ನ ಪತ್ರವೂ ನಿನ್ನ ಚೀಲದಲ್ಲಿತ್ತು ಎಂದು ಆಮೇಲೆ ಗೊತ್ತಾಯಿತು. ಅರ್ಧ ಗಂಟೆ ನಾನು ನಿನ್ನ ಚೀಲ ನೋಡುತ್ತ ಕೂತಿದ್ದೆ, ನೀನು ನನ್ನದನ್ನು. ಮೂಲೆಯಲ್ಲಿ ಅಲ್ಲಾಭಕ್ಷ ಟೊಪ್ಪಿಗೆ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಹುಡುಗಿ ನಡುವೆ ನಿಂತಿದ್ದಳು. ಅಧ್ಯಕ್ಷರು ಕೇಳಿದರು, "ಎಲ್ಲಾರೂ ಸೊನ್ನಿ ಬರದಾರ. ನೀ ಒಬ್ಬಾಕಿ ಯಾಕ ಬರೀಲಿಲ್ಲ?"

"ಸೊನ್ನಿ ಬಂದಿರಲಿಲ್ರೀ ಸರ್" ಎಂದಳು.

ಅಷ್ಟೇ. ಕಾಗದದ ಮಾತು ಎತ್ತಲಿಲ್ಲ, ಬಸಯ್ಯನ ಹೆಸರು ಹೇಳಲಿಲ್ಲ, ನಾನು ಅವಳ ಮಾತು ಕೇಳದೆ ಕಳಿಸಿದ್ದನ್ನೂ ಹೇಳಲಿಲ್ಲ. ಆಗ ನಿನ್ನ ಕೈ ಚೀಲಕ್ಕೆ ಹೋಯಿತು. ಅದನ್ನು ನೋಡಿದ ಮೇಲೆ ನನ್ನದು ಹೋಯಿತು. ಆ ಹೊತ್ತಿನಲ್ಲೂ ನಾನು ಮೊದಲಿಗಳಾಗಲಿಲ್ಲ ಎಂಬ ನಾಚಿಕೆ ನನಗೆ ಸಾಯುವವರೆಗೂ ಇರುತ್ತದೆ.

ಆದೇಶ ಬಂದಿದೆ. ಸಿಮ್ರನಳ ಮೇಲಿನ ಆರೋಪ ತೆಗೆದುಹಾಕಿದ್ದಾರೆ. ಸೆಟ್ಟೇ ಸರಿಯಿರಲಿಲ್ಲವಾದ್ದರಿಂದ ಹನ್ನೆರಡೂ ಮಂದಿ ಈ ಪ್ರಯೋಗವನ್ನು ಮತ್ತೆ ಮಾಡಬೇಕು. ಎಲ್ಲರ ಜರ್ನಲ್ ತುಂಬಿದ ಮೇಲೆ ಬೇರೆ ಕಾಲೇಜಿನ ಸಿದರಾಯ ಸರ್ ಬಂದು ನೋಡುತ್ತಾರೆ. ಹನ್ನೊಂದು ಮನೆಗಳವರು ಪ್ರಿನ್ಸಿಪಾಲರ ಕೋಣೆಯಲ್ಲಿ ನನ್ನನ್ನು ಬೈದು ಹೋದರು. ಜೂನಿನಿಂದ ನನಗೆ ಇಲ್ಲಿ ಕೆಲಸವಿಲ್ಲ. ನಿನ್ನನ್ನು ಎರಡು ವರ್ಷ ಪರೀಕ್ಷಕಿಯಾಗಿ ಕರೆಯುವುದಿಲ್ಲ ಎಂದು ಕೇಳಿದೆ.

ಧಾರವಾಡದ ಮಾತು. ನಾನು ಬಲ್ಬು ಹಚ್ಚದೆ ಬರೆದದ್ದು ಖರೇ. ನೀನು ಹೇಳಿದ್ದು ಸುಳ್ಳಲ್ಲ, ಆದರೆ ಹೇಳಿದ ಕಾರಣ ಓದಿ ಮೈ ಉರಿಯಿತು. ಕ್ಷಮಿಸಿದೆ ಎಂದು ಬರೆಯಲಾರೆ. ಈ ಪತ್ರಕ್ಕೆ ರಿಜಿಸ್ಟರ್ ಮಾಡಿಸುತ್ತಿಲ್ಲ, ಅಷ್ಟು ತಿಳಿದುಕೋ.

ನಿನ್ನೆ ಸಿಮ್ರನ ಬಂದು ಪ್ರಯೋಗ ಮಾಡಿದಳು. ನಿನ್ನ ಫಿಲ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಜರ್ನಲಿನಲ್ಲಿ ಹೊಸ ಪುಟ ತೆಗೆದು ಕೋಷ್ಟಕ ಹಾಕಿದಳು. ರೀಡಿಂಗಿನ ಪಕ್ಕ ಇನ್ನೊಂದು ಅಂಕಣ ಗೆರೆ ಎಳೆದಿದ್ದಳು, ಅದು ಯಾತಕ್ಕೆಂದು ನನಗೆ ತಿಳಿಯಲಿಲ್ಲ. ಬಲ್ಬು ಹಚ್ಚಿದಳು, ಮುಳ್ಳು ನಿಂತಿತು. ಬರೆಯಲಿಲ್ಲ. ಪೆನ್ನು ನನ್ನ ಕಡೆ ಹಿಡಿದಳು.

"ಮೇಡಂ, ನೀವು ಬಂದು ನೋಡ್ರಿ. ನೋಡೇನಿ ಅಂತ ಇಲ್ಲಿ ಸಹಿ ಮಾಡ್ರಿ. ಆಮ್ಯಾಲೆ ನಾ ಬರೀತೀನಿ."

ಒಂದೊಂದು ರೀಡಿಂಗಿಗೂ ಹೀಗೆಯೇ. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹದಿನಾರು ಸಲ ಎದ್ದು ಹೋಗಿ, ಬಗ್ಗಿ ಮುಳ್ಳು ನೋಡಿ, ಸಹಿ ಮಾಡಿದೆ.

ಕಾಂತಾ